ಉಡಚಪ್ಪನ ಸೀಟು

"ಇನ್ನೊಂದ್ ಸಲ ತಿರುವ್ರಿ," ಎಂದು ದಿಲಾವರ ಸೈಕಲ್ಲಿನ ಚೌಕಟ್ಟನ್ನು ಎದೆಗವಚಿ ಹಿಡಿದ. ಸೀಟಿಗೆ ಅಡ್ಡ ಕಟ್ಟಿದ್ದ ಹಾರೆಯನ್ನು ಹೊಳಬಸಪ್ಪ ಒಲ್ಲದ ಮನಸ್ಸಿನಿಂದ ದೂಡಿದ. ಸೀಟಿನ ಕಂಬಿ ಮಿಸುಕಲಿಲ್ಲ.

ತಿಳವಳ್ಳಿಯ ದಿಲಾವರನ ಸೈಕಲ್ ಅಂಗಡಿಯಲ್ಲಿ ಶಾರವ್ವ ಬೆಳಗಿನಿಂದ ಕೂತಿದ್ದಳು. ಸೈಕಲ್ಲು ಅವಳ ಗಂಡ ಉಡಚಪ್ಪನದು. ಕೆಲವು ವರ್ಷಗಳ ಹಿಂದೆ ಅದನ್ನು ತುಳಿಯುತ್ತ ಹಾನಗಲ್ಲಿನ ಸಂತೆಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಇನ್ನೂ ಪೋರ್ತುಗೀಜರ ಕೈಯಲ್ಲಿದ್ದ ಗೋವಾದ ಗಣಿಗೆ ಹೋಗಿದ್ದಾನೆ, ಅಲ್ಲಿಂದ ಸುದ್ದಿ ದಾಟಿ ಬರುವುದಿಲ್ಲ ಎಂದು ಮೈದುನ ಹೊಳಬಸಪ್ಪನೇ ಹೇಳಿದ್ದ. ಹೋದ ಬೇಸಗೆಯಲ್ಲಿ ಊರ ಕೆರೆ ತಳ ಕಂಡಾಗ ಸೈಕಲ್ಲು ಮಾತ್ರ ಕೆಸರಿನಲ್ಲಿ ಸಿಕ್ಕಿತು. ಕದ್ದವರು ಒಗೆದಿರಬೇಕು ಎಂದರು ಜನ. ಶಾರವ್ವ ಕುಂಕುಮ ಅಳಿಸಲಿಲ್ಲ. ಗಂಡ ಬಂದರೆ ಬೇಕಾಗುತ್ತದೆಂದು ಚಕ್ರ, ಸರಪಳಿ ಎಲ್ಲ ದುರಸ್ತಿ ಮಾಡಿಸಿದಳು. ಉಳಿದದ್ದು ಸೀಟು. ಉಡಚಪ್ಪ ಬಾಗಿಲಿಗೆ ತಲೆ ತಾಗುವಂಥ ಆಳು. ಸೀಟನ್ನು ಗೇಣುದ್ದ ಮೇಲೆತ್ತಿ ತುಳಿಯುತ್ತಿದ್ದ. ಈಗದು ಚೌಕಟ್ಟಿಗೇ ಅಂಟಿ ಕೂತಿತ್ತು. ಕೆರೆಗೆ ಬಿದ್ದ ಹೊಡೆತಕ್ಕೆ ಇಳಿದಿರಬೇಕು ಅಂದುಕೊಂಡಿದ್ದಳು.

"ಬಿಟ್ಟುಬಿಡು ವೈನಿ, ಗುಜರಿಗೆ ಹಾಕೂಣು," ಎಂದ ಹೊಳಬಸಪ್ಪ. "ಈ ತುಕ್ಕು ಬಿಡೂದಲ್ಲ."

ದಿಲಾವರ ಕೇಳಲಿಲ್ಲ. ಕಾಸಿದ, ತಣ್ಣೀರು ಹೊಡೆದ, ಎಣ್ಣೆ ಬಿಟ್ಟು ಸುತ್ತಿಗೆಯಿಂದ ಸುತ್ತಲೂ ತಟ್ಟಿದ. ಮತ್ತೆ ತಿರುವಿದಾಗ ಕೊಳವೆಯೊಳಗೆ ಯಾರೋ ಹಲ್ಲು ಕಡಿದಂಥ ಸದ್ದಾಯಿತು. ಆಮೇಲೆ ದೀರ್ಘವಾಗಿ ನರಳುತ್ತ ಕಂಬಿ ಮೇಲೆದ್ದು ಬಂತು. ಚೌಕಟ್ಟು ವಾಲಿತು. ಬಾಯ್ತೆರೆದ ಕೊಳವೆಯಿಂದ ಕಪ್ಪು ನೀರು ಗಟಗಟನೆ ಸುರಿದು, ನೆಲದ ಇಳಿಜಾರನ್ನು ಬಿಟ್ಟು ಹೊಳಬಸಪ್ಪನ ಕಾಲ ಸುತ್ತ ನಿಂತಿತು. ಹೋದ ಬೇಸಗೆಯಿಂದ ಒಣಗಿದ್ದ ಸೈಕಲ್ಲು. ಅಂಗಡಿ ತುಂಬ ಹಸಿ ಕೆಸರಿನ ವಾಸನೆ.

"ಯಾ ಅಲ್ಲಾ, ಕೆರಿ ನೀರು," ಎಂದ ದಿಲಾವರ. ಕಂಬಿಯನ್ನು ಚಿಂದಿಯಿಂದ ಒರೆಸುತ್ತಿದ್ದವನ ಕೈ ನಿಂತಿತು. "ಶಾರಕ್ಕಾ, ಇಲ್ಲಿ ನೋಡ್ರಿ. ನಿಮ್ಮ ಯಜಮಾನ್ರು ಬಿಗಿದಿದ್ದ ಗುರುತು ಇದು. ಸೀಟು ಬಿದ್ದ ಹೊಡೆತಕ್ಕ ಇಳಿದಿಲ್ಲ. ನಟ್ಟು ಗಟ್ಟಿ ಇತ್ತು. ಯಾರೋ ಗಿಡ್ಡ ಮನಶ್ಯಾ ಇಳಿಸಿ, ಬಿಗಿ ಮಾಡಿ, ಕೆರಿ ತನಕ ತುಳಕೊಂಡ ಹೋಗ್ಯಾನ."

ಶಾರವ್ವ ತಿರುಗಿದಳು. ಹೊಳಬಸಪ್ಪನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದೂ ಅದನ್ನವಳು ಇವತ್ತೇ ನೋಡಿದಂತಾಯಿತು.

"ದಿಲಾವರಣ್ಣಾ, ಸೀಟು ಕೆರ್‍ಯಾಗ ಸಿಕ್ಕಾಗ ಇದ್ದಂಗ ಇಳಿಸು," ಎಂದಳು. "ಹೊಳಬಸಪ್ಪಾ, ಒಮ್ಮೆ ಹತ್ತು."

"ನಾ ಯಾಕ?"

"ಹತ್ತು."

ಅವನು ಹತ್ತಲಿಲ್ಲ. ಕಾಲ ಸುತ್ತಲಿನ ನೀರನ್ನೇ ನೋಡುತ್ತ ನಿಂತ. "ಜಗಳ ಅಂವನೇ ತಗದಾ, ವೈನಿ," ಎಂದ. ಅಂದವನೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಶಾರವ್ವ ಅಳಲಿಲ್ಲ. ಹಾನಗಲ್ಲಿನ ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಿಂತಾಗ, "ಸೈಕಲ್ ಟಾಪಿನ ಮ್ಯಾಲೆ ಹಾಕಿಕೊಡಣ್ಣಾ. ಠಾಣೆದ ಫೌಜದಾರ್ರಿಗೆ ತೋರಸಬೇಕು," ಎಂದಳು. ದಿಲಾವರ ಸೈಕಲ್ಲನ್ನು ಹೆಗಲಿಗೆತ್ತಿಕೊಂಡ.

ಬಸ್ಸು ಹೊರಟಿತು. ಶಾರವ್ವ ಕಿಟಕಿಯಿಂದ ಹಿಂದೆ ನೋಡಿದಳು. ಹೊಳಬಸಪ್ಪ ನಿಂತಲ್ಲೇ ನಿಂತಿದ್ದ. ಅವನ ಕಾಲ ಸುತ್ತಲಿನ ನೀರು ಕುಡಿಯಲು ಬಂದ ಕೋಳಿಯೊಂದು ಕೊಕ್ಕು ಇಳಿಸಿ, ಕತ್ತು ನಿಗುರಿಸಿ, ಮೆಲ್ಲಗೆ ಹಿಂದೆ ಸರಿಯಿತು.