ಬೋರಲು ಹಾಕಿದ ಹಾಡು

ಚಟ್, ಚವಳಿಕಾಯಿಯ ತೊಟ್ಟು ಮುರಿಯಿತು, ಇನ್ನೊಂದು, ಚಟ್, ಎಳೆಯದಾದರೆ ಹೀಗೆ ದನಿ, ಬಲಿತದ್ದು ನಾರು ಎಳೆದುಕೊಂಡು ಸುಮ್ಮನೆ ಬಾಗುತ್ತದೆ, ಕಣ್ಣು ಮುಚ್ಚಿಕೊಂಡರೂ ಚಂದ್ರಕಲಾ ಎರಡನ್ನೂ ಬೇರೆ ಮಾಡಿಯಾಳು, ಆದರೆ ಅವಳ ಕಿವಿ ಈಗ ಮೊರದ ಮೇಲಿಲ್ಲ, ಒಳಗಿನ ಕೋಣೆಯ ಮೇಲಿದೆ, ಅಲ್ಲಿ ಗಂಡ ಹನುಮೇಶ ಅದೇ ಹಾಡನ್ನು ಏಳನೇ ಸಲ ಹಾಕಿದ್ದಾನೆ, ಸಣ್ಣ ಸೊಸಿ ಬಂದಾಳ ಸೆರಗ ಹಾಸಿರೇ, ಉಚ್ಚೆಂಗಮ್ಮನ ಹಾಡು, ಮೆಟ್ರಿ ಹಳ್ಳಿಯ ಆ ಅರವತ್ತರ ಹೆಂಗಸು ಒಂದು ದಿನದ ನಾಟಿ ಕೆಲಸ ಬಿಟ್ಟು ಬಸ್ಸು ಹತ್ತಿ ಹೊಸಪೇಟೆಗೆ ಬಂದು, ಈ ಮನೆಯ ಕೋಣೆಯಲ್ಲಿ ಚಾಪೆಯ ಮೇಲೆ ಕೂತು, ಮೈಕು ನೋಡಿ ನಕ್ಕು ಹಾಡಿದ್ದು, ಅವತ್ತು ಎಷ್ಟು ಮೆತ್ತಗಿತ್ತು ದನಿ, ಈಗ ಒಂದೊಂದು ಸಕಾರಕ್ಕೂ ಹಲ್ಲು ಜುಮ್ಮೆನ್ನುತ್ತದೆ, ಸಣ್ಣ, ಜುಂ, ಸೊಸಿ, ಜುಂ ಜುಂ — ನಿನ್ನೆ ಮುಂಜಾನೆ ಕಂಪ್ಲಿಯಿಂದ ಈಶ್ವರನ ಫೋನು ಬಂದದ್ದೂ ಇದಕ್ಕೇ, ಹಳ್ಳಿ ಹಾಡು ಹುಡುಕಿ ಯೂಟ್ಯೂಬಿಗೆ ಹಾಕುವ ಹುಚ್ಚು ಅವನಿಗೆ, ಹತ್ತು ವರ್ಷದಿಂದ ಹನುಮೇಶನ ಕೈಯಲ್ಲೇ ಹಾಡು-ವಾದ್ಯಗಳ ದನಿ ಹದ ಮಾಡಿಸುತ್ತಾನೆ, ಮಿಕ್ಸ್ ಮಾಡಿಸುತ್ತಾನೆ, ಎಂದೂ ಒಂದು ಮಾತು ಅಂದವನಲ್ಲ, ಹನುಮೇಶಣ್ಣ ತಪ್ಪು ತಿಳಕಾಬ್ಯಾಡ್ರಿ, ಈ ಸಲ ಹಾಡು ಕಿವ್ಯಾಗ ಸೂಜಿ ಚುಚ್ಚಿದಂಗ ಆಗೇತಿ, ಉಚ್ಚೆಂಗಮ್ಮಾರೂ ಕೇಳಿದ್ರು, ಇದು ನನ್ನ ದನಿ ಅಲ್ಲಪ್ಪ ಅಂದ್ರು — ಫೋನು ಸ್ಪೀಕರಿನಲ್ಲಿತ್ತು, ಅಡುಗೆಮನೆಗೂ ಕೇಳಿತು, ಅವಳ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಂತಿತು, ನನ್ನ ದನಿ ಅಲ್ಲ ಎಂಬ ಮಾತು ಹನುಮೇಶನ ಎದೆಗೆ ಹೋಗಿ ಕೂತಿತು, ಆಗಿನಿಂದ ಊಟ ಸರಿಯಿಲ್ಲ, ಅವನದು ಒಂದೇ ಮಾತು, ಎಲ್ಲ ಈ ಹೊಸ ಸಾಫ್ಟ್‌ವೇರಿಂದು ಚಂದ್ರೀ, ಹಳೇದರಾಗ ದನಿ ಮೆತ್ತಗಿರ್ತಿತ್ತು, ಇದರಾಗ ಗಾಜಾಗಿ ಬರ್ತೈತಿ ಅಂತ ಕಾಣ್ತೈತಿ, ನನಗೇನು ಫರಕ್ ಗೊತ್ತಾಗವಲ್ದು, ಆದ್ರ ಮಂದಿಗ ಕೇಳ್ತೈತಲ್ಲ.

ನನಗೇನು ಫರಕ್ ಗೊತ್ತಾಗವಲ್ದು — ಆ ಮಾತು ಅವಳನ್ನು ಬಿಡಲೊಲ್ಲದು, ಅವನು ಅದನ್ನು ಎಷ್ಟು ಸಲೀಸಾಗಿ ಅಂದುಬಿಟ್ಟ, ತನ್ನ ಬಾಯಿಂದ ಏನು ಬಿತ್ತೆಂದು ಅವನಿಗೇ ತಿಳಿಯದ ಹಾಗೆ, ಹಳೇ ಕಂಪ್ಯೂಟರು ದೀಪಾವಳಿಗೆ ಕೆಟ್ಟಿತು, ಹೊಸದರಲ್ಲಿ ಹಳೇ ಸಾಫ್ಟ್‌ವೇರು ಕೂಡಲಿಲ್ಲ, ಬೇರೆಯದು ಹಾಕಿಸಿದ, ಮೂರು ವಾರ ಕೂತು ಮಗುವಿನಂತೆ ಕಲಿತ, ಅದರಲ್ಲಿ ಮಾಡಿದ ಮೊದಲ ಹಾಡು ಇದು, ಅಷ್ಟೇ ನಡೆದದ್ದು, ಆ ಸಾಫ್ಟ್‌ವೇರಿನದು ಏನೂ ತಪ್ಪಿಲ್ಲ ಎಂಬುದು ಈ ಭೂಮಿ ಮೇಲೆ ಒಬ್ಬಳಿಗೇ ಗೊತ್ತು, ಅವಳು ಇಲ್ಲಿ ಚವಳಿಕಾಯಿ ಮುರಿಯುತ್ತಾ ಕೂತಿದ್ದಾಳೆ — ಒಂದೂವರೆ ವರ್ಷದ ಹಿಂದೆ ಒಂದು ಜೋಗುಳ ಮಿಕ್ಸ್ ಮಾಡಿ ಕೇಳಿಸಿದ್ದ, ಸ್ವಲ್ಪ ಚೂಪಾಗಿಲ್ಲೇನ್ರೀ ಅಂದಳು, ಛೇ, ಮಂಕಾಗೇತಿ, ಇನ್ನೂ ಎತ್ತಬೇಕು ಅಂದು ತಾಳ, ಸಕಾರಗಳ ಚೂಪು ಇರುವ ಮೇಲಿನ ದನಿಯನ್ನು ಇನ್ನಷ್ಟು ಎತ್ತಿದ, ಅವಳು ಅವನ ಮುಖ ನೋಡಿದಳು, ಹುಡುಗಾಟದ ಮುಖವಲ್ಲ, ನಿಜವಾಗಿಯೂ ಮಂಕು ಅನ್ನುವ ಮುಖ, ಆಮೇಲೆ ಒಂದೊಂದೇ ಕಾಣತೊಡಗಿತು, ಕರೆಂಟು ಹೋಗಿ ಇನ್ವರ್ಟರು ಕೀ ಕೀ ಅಂತ ಬಡಕೊಳ್ಳುವಾಗ ಅದರ ಪಕ್ಕದಲ್ಲೇ ಕೂತು ಪೇಪರ್ ಓದುವವನು, ಸೊಳ್ಳೆ ಕಿವಿಯ ಹತ್ತಿರ ಬಂದರೂ ಕೈ ಬೀಸದವನು, ಹದಿನಾರು ವರ್ಷ ಆರ್ಕೆಸ್ಟ್ರಾದವರ ಸೌಂಡ್ ನೋಡಿಕೊಂಡವನಲ್ಲವೇ, ಒಂದು ಬದಿಗೆ ಜನರೇಟರು, ಇನ್ನೊಂದು ಬದಿಗೆ ಆಳೆತ್ತರದ ಬಾಕ್ಸು, ನಡುವೆ ಹನುಮೇಶ, ಮದುವೆಯಾದ ಹೊಸದರಲ್ಲಿ ಯಶವಂತನಗರದ ಒಂದು ಕಾರ್ಯಕ್ರಮಕ್ಕೆ ಅವಳನ್ನೂ ಕರೆದುಕೊಂಡು ಹೋಗಿದ್ದ, ಗಣಿ ಲಾರಿಗಳು ಸಾಲಾಗಿ ನಿಂತ ಬಯಲು, ಅವಳು ಹತ್ತು ನಿಮಿಷಕ್ಕೆ ಕಿವಿಯಲ್ಲಿ ಹತ್ತಿ ತುರುಕಿಕೊಂಡಳು, ಅವನು ನಕ್ಕಿದ್ದ, ರೂಢಿ ಆಗ್ತೈತಿ ಬಿಡು — ಹೇಳಬೇಕಿತ್ತು, ಆ ಜೋಗುಳದ ದಿನವೇ ಹೇಳಬೇಕಿತ್ತು, ರೀ ನಿಮಗ ಮ್ಯಾಲಿನ ದನಿ ಕೇಳವಲ್ದು ಅಂತ, ಬಾಯಿ ಬರಲಿಲ್ಲ, ಹಾಡು ತೂಗಿ ನೋಡುವುದೊಂದೇ ಬಲ್ಲ ಮನುಷ್ಯನಿಗೆ ತಕ್ಕಡಿ ಕೆಟ್ಟಿದೆ ಅಂತ ಹೇಗೆ ಹೇಳುವುದು, ಹಾಡುಗಳಿಗೆ ಹೆಸರು ಹಾಕಿ ಈಶ್ವರನಿಗೆ ಕಳಿಸುವ ಕೆಲಸ ಮೊದಲಿಂದಲೂ ಅವಳದು, ಅವನೇ ಕಲಿಸಿದ್ದ, ಆ ದಿನ ಕಳಿಸುವ ಮುಂಚೆ ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಹಾಡು ತೆರೆದು, ಪರದೆಯ ಮೇಲೆ ಚೂಪು ದನಿಯ ಗೆರೆಯನ್ನು ಒಂದೆಳ್ಳಿನಷ್ಟು ಕೆಳಗೆ ಎಳೆದಳು, ಮತ್ತೆ ಕೇಳಿದಳು, ಇನ್ನೊಂದೆಳ್ಳು, ಕಂಪ್ಲಿಯ ಸಂತೆಯಲ್ಲಿ ಅಪ್ಪ ಮಡಕೆ ಮಾರುವಾಗ ಅವಳು ಬೆರಳ ಗೆಣ್ಣಿನಿಂದ ತಟ್ಟಿ ಬಿರುಕು ಬಿಟ್ಟದ್ದನ್ನು ಬದಿಗಿಡುತ್ತಿದ್ದಳು, ಏಳು ವರ್ಷದ ಹುಡುಗಿ, ಒಂದೂ ತಪ್ಪುತ್ತಿರಲಿಲ್ಲ, ಅದೇ ಕಿವಿ — ಆ ಜೋಗುಳಕ್ಕೆ ಈಶ್ವರ ಮಸ್ತ್ ಆಗೇತಿ ಅಣ್ಣ ಅಂದ, ಹನುಮೇಶ ಅವತ್ತು ಮೈಸೂರುಪಾಕು ತಂದ, ಅವಳು ಒಂದು ತುಂಡು ಮುರಿದುಕೊಂಡು ಉಳಿದದ್ದನ್ನು ಡಬ್ಬಿಗೆ ಹಾಕಿಟ್ಟಳು, ಆಮೇಲೆ ಪ್ರತಿ ಹಾಡಿಗೂ ಹಾಗೇ, ಹೋದ ವಾರ ತಂಗಿಯ ಕೂಸಿಗೆ ಹೆಸರಿಡುವುದಕ್ಕೆ ಸಂಡೂರಿಗೆ ಹೋಗಿ ಮೂರು ದಿನ ಇದ್ದಳು, ಅಷ್ಟರಲ್ಲಿ ಅವನೇ ಉಚ್ಚೆಂಗಮ್ಮನ ಹೊಸ ಹಾಡನ್ನು ನೇರ ಕಳಿಸಿಬಿಟ್ಟ, ಒಂದೂವರೆ ವರ್ಷದಲ್ಲಿ ಅವಳ ಕೈ ತಾಗದೆ ಹೊರಬಿದ್ದ ಮೊದಲ ಹಾಡು.

ಚಂದ್ರೀ — ಕರೆದ, ಮೊರ ಬದಿಗಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಹೋದಳು, ಕೋಣೆಯಲ್ಲಿ ಬಿಸಿಯಾದ ಕಂಪ್ಯೂಟರಿನ ವಾಸನೆ, ಹೊರಗಿನ ಸದ್ದು ತಡೆಯಲು ಗೋಡೆಗೆ ಹೊಡೆದ ಗೋಣಿ ಮತ್ತು ಹಳೇ ಕೌದಿ, ಅವನ ಕಣ್ಣು ಕೆಂಪಾಗಿದೆ, ಆದರೆ ಏನೋ ಹೊಳೆದವನ ಹುರುಪು ಇದೆ, ನೋಡು, ನೆಟ್ಟಿನಾಗ ಅರ್ಧ ಮಂದಿ ಒಂದೊಂದು ಸಾಫ್ಟ್‌ವೇರಿಗೂ ಒಂದೊಂದು ದನಿ ಐತಿ ಅಂತಾರ, ಇನ್ನರ್ಧ ಮಂದಿ ಎಲ್ಲಾ ಬರೇ ಲೆಕ್ಕ, ಎರಡಕ್ಕ ಎರಡು ಕೂಡಿಸಿದ್ರ ಯಾವ ಮಷೀನಿನಾಗೂ ನಾಕೇ ಅಂತಾರ, ಇವತ್ತು ನಾನೇ ನೋಡಿಬಿಡ್ತೀನಿ, ಹೋದ ವರ್ಷದ ಉಚ್ಚೆಂಗಮ್ಮಾರ ಹಾಡು ಐತಲ್ಲ, ಹಳೇದರಾಗ ಮಾಡಿದ್ದು, ಅದನ್ನ ಹೊಸಾದರಾಗ ಎಲ್ಲಾ ಮೊದಲಿದ್ದ ಅಳತಿಗೇ ಇಟ್ಟು ಮತ್ತ ಮಾಡೀನಿ, ಈಗ ಎರಡೂ ಒಟ್ಟಿಗೆ ಬಿಡೋದು, ಒಂದನ್ನ ಬೋರಲು ಹಾಕಿ, ಇದರ ದನಿಯ ಅಲೆ ಮ್ಯಾಲೆದ್ದಾಗ ಅದರದು ಕೆಳಗಿಳಿಬೇಕು, ಎರಡೂ ಒಂದೇ ಇದ್ರ ಒಂದನ್ನೊಂದು ನುಂಗಿ ಏನೂ ಕೇಳೋದಿಲ್ಲ, ಒಂದೇ ಇಲ್ಲಂದ್ರ ಫರಕ್ ಎಷ್ಟೈತೋ ಅಷ್ಟೇ ಉಳಿತೈತಿ, ಆ ಹಳೇ ಹಾಡು ನಿನ್ನ ಹತ್ರ ಐತೇನು — ಐತಿ ಅಂದಳು, ಅವನ ಈ ಕಲಿಸುವ ದನಿಯ ಮೇಲೆ ಅವಳಿಗೆ ಎಂದಿಗೂ ಆಸೆ, ಗೋದ್ರೇಜಿನ ಖಾನೆಯಿಂದ ಪೆನ್‌ಡ್ರೈವ್ ತೆಗೆದಳು, ಅದರಲ್ಲಿ ಒಂದೇ ಹಾಡು ಎರಡು ಕಡೆ ಇದೆ, ಅವನು ಮಾಡಿದ್ದು ಒಂದು, ಅವಳು ಎಳೆದು ಮೆತ್ತಗೆ ಮಾಡಿದ್ದು ಇನ್ನೊಂದು, ಯಾವುದನ್ನು ಕೊಡುವುದು, ಅವನದು ಕೊಟ್ಟರೆ ಎರಡೂ ನುಂಗಿಕೊಂಡು ನಿಶ್ಶಬ್ದ, ಸಾಫ್ಟ್‌ವೇರು ನಿರಪರಾಧಿ, ಹಾಗಾದರೆ ತಪ್ಪು ಯಾರದು ಅಂತ ಹುಡುಕುತ್ತಾ ತನ್ನ ಕಿವಿಯ ತನಕ ಬರುತ್ತಾನೆ, ಅವಳದು ಕೊಟ್ಟರೆ ಫರಕ್ ಉಳಿಯುತ್ತದೆ, ನೋಡು ನಾ ಹೇಳಿದ್ನಲ್ಲ ಅಂತ ಸಾಫ್ಟ್‌ವೇರನ್ನು ಬೈದು ಬೇರೆ ಹಾಕಿಸುತ್ತಾನೆ, ಅವಳು ಮತ್ತೆ ಒಂದೆಳ್ಳು ಎಳೆದು ಕಳಿಸುತ್ತಾಳೆ, ನಡೆದಷ್ಟು ದಿನ ನಡೆಯುತ್ತದೆ, ಸುಳ್ಳು ಹೌದು, ಆದರೆ ಹುಸಿನಗೆಯಂಥ ಸುಳ್ಳು, ಯಾರಿಗೂ ನೋವಿಲ್ಲ — ತನ್ನದನ್ನೇ ತೆರೆದು ಕೊಟ್ಟಳು.

ಬಿಟ್ಟ, ಒಟ್ಟಿಗೆ ಎರಡೂ ಹಾಡು ಓಡತೊಡಗಿದವು, ಆಮೇಲೆ ಒಂದನ್ನು ಬೋರಲು ಹಾಕಿದ, ಉಚ್ಚೆಂಗಮ್ಮ ತಟ್ಟನೆ ಇಲ್ಲವಾದಳು, ಡೊಳ್ಳು ಇಲ್ಲ, ಹಾರ್ಮೋನಿಯಂ ಇಲ್ಲ, ಎಲ್ಲವನ್ನೂ ಬಾವಿಗೆ ಎಸೆದ ಹಾಗೆ, ಆದರೆ ನಿಶ್ಶಬ್ದವಲ್ಲ, ಅಯ್ಯೋ ಇದು ನಿಶ್ಶಬ್ದವಲ್ಲ, ಸ್ ಸ್ ಸ್ ಅಂತ ಏನೋ ಉಳಿದಿದೆ, ಮಾತಿಲ್ಲದ ಬರೀ ಹಲ್ಲಿನ ಅಂಚು, ತಾಳದ ತುದಿ, ಅವಳು ಒಂದೂವರೆ ವರ್ಷದಿಂದ ತೆಗೆದುಹಾಕಿದ್ದೆಲ್ಲ ಒಟ್ಟಾಗಿ ಬಂದು ಕೋಣೆಯಲ್ಲಿ ನಿಂತಿತು, ಅವಳು ಇದನ್ನು ಎಣಿಸಿರಲಿಲ್ಲ, ಉಳಿಯುವುದು ಏನು ಅಂತ ಯೋಚಿಸಿರಲೇ ಇಲ್ಲ, ಅವನಿಗೆ ಕೇಳದ್ದೇ ಉಳಿಯುತ್ತದೆ — ನೋಡಿದೇನು, ಹನುಮೇಶ ತೊಡೆ ತಟ್ಟಿದ, ಏನೂ ಇಲ್ಲ, ಎಲ್ಲಾ ನುಂಗೇತಿ, ಎರಡಕ್ಕ ಎರಡು ನಾಕೇ, ಸಾಫ್ಟ್‌ವೇರಿಂದು ಏನೂ ತಪ್ಪಿಲ್ಲ ಪಾಪ — ಅನ್ನುತ್ತಲೇ ಅವನ ದನಿ ಸಣ್ಣದಾಯಿತು, ಪರದೆಯ ಮೂಲೆಯಲ್ಲಿ ದನಿ ಅಳೆಯುವ ಹಸಿರು ಕಡ್ಡಿ ಜಿಗಿಯುತ್ತಿದೆ, ಏಳುತ್ತದೆ, ಬೀಳುತ್ತದೆ, ಏನೂ ಇಲ್ಲದಿದ್ದರೆ ಅದು ಮಲಗಿರಬೇಕು, ಏನೋ ಐತಲ್ಲ ಚಂದ್ರೀ, ಇದು ಕುಣಿಯಾಕ ಹತ್ತೇತಿ, ಕೈ ದನಿ ಏರಿಸುವ ಗುಂಡಿಯ ಮೇಲೆ ಹೋಯಿತು, ಒಂದು ಸುತ್ತು, ಏನೋ ಐತಿ, ಇನ್ನೊಂದು ಸುತ್ತು, ಅವನು ಸ್ಪೀಕರಿನತ್ತ ತಲೆ ಬಾಗಿಸಿದ, ಕಿವಿಯನ್ನು ಅದರ ಮುಖಕ್ಕೇ ಒತ್ತಿದ ಹಾಗೆ, ಬ್ಯಾಡ್ರೀ ಅನ್ನಬೇಕು, ಅಂದರೆ ಗೊತ್ತಾಗುತ್ತದೆ, ಅನ್ನಬಾರದು, ಸುಮ್ಮನೆ ನಿಂತಿರಬೇಕು, ಮುಖ ಕದಲಬಾರದು, ಇನ್ನೊಂದು ಸುತ್ತು, ಕಾದ ಹೆಂಚಿನ ಮೇಲೆ ಮೊಳೆ ಗೀರಿದ ಹಾಗೆ, ಮಿದುಳಿಗೇ ಹೊಕ್ಕಿತು, ಕೈಗಳು ಅವಳನ್ನು ಕೇಳಲಿಲ್ಲ, ತಾವೇ ಎದ್ದು ಎರಡೂ ಕಿವಿಯನ್ನು ಮುಚ್ಚಿದವು, ಕಣ್ಣೂ ಮುಚ್ಚಿತು, ಕಣ್ಣು ತೆರೆದಾಗ ಅವನು ತಿರುಗಿ ಅವಳನ್ನು ನೋಡುತ್ತಿದ್ದ.

ಮೊದಲು ಅವನು ಮಾಡಿದ್ದು ಗುಂಡಿ ತಿರುಗಿಸಿ ದನಿ ಇಳಿಸಿದ್ದು, ಆಮೇಲೆ ಕೇಳಿದ್ದು, ನೋವಾತೇನು — ಅಷ್ಟು ಕೇಳಿದ್ದಕ್ಕೇ ಅವಳ ಕಣ್ಣು ತುಂಬಿತು, ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಅವನು ಎದ್ದು ಬಂದು ಅವಳ ಕೈಗಳನ್ನು ಕಿವಿಯಿಂದ ಮೆಲ್ಲಗೆ ಬಿಡಿಸಿದ, ನಿನಗ ಕೇಳ್ತಿತ್ತು, ಹೂಂ ರೀ, ಜೋರಾಗಿ, ಹೂಂ, ನನಗ — ಅಲ್ಲಿಗೇ ನಿಲ್ಲಿಸಿದ, ಆಗ ಅವಳು ಹೇಳಿದಳು, ಎಲ್ಲ, ಜೋಗುಳದಿಂದ ಹಿಡಿದು, ಪೆನ್‌ಡ್ರೈವಿನ ಎರಡು ಕಡೆ, ಸಂಡೂರಿಗೆ ಹೋದ ಮೂರು ದಿನ, ಎಷ್ಟು ಹಾಡು ಅಂದ, ನಲವತ್ತೊಂದು ಅಂದಳು, ಹಂಗಾರ ಮಂದಿ ಮೆಚ್ಚಿದ್ದೆಲ್ಲ ನಿನ್ನ ಮಿಕ್ಸು, ಅಲ್ರೀ, ನಾ ಸೀರ್‍ಯಾಗಿನ ಒಂದು ಮುಳ್ಳು ತೆಗದೀನಿ ಅಷ್ಟ, ನೇಯ್ದೋರು ನೀವು, ಡೊಳ್ಳಿನ ಕೆಳಗ ಉಚ್ಚೆಂಗಮ್ಮಾರು ಉಸಿರು ತಗೊಳ್ಳೋದು ಇರ್ತೈತಲ್ಲ, ಅದನ್ನ ಹುಡುಕಿ ಎತ್ತಿ ಇಡ್ತೀರಲ್ಲ, ಅದು ನನಗ ಇವತ್ತಿಗೂ ತಾನಾಗಿ ಕೇಳಂಗಿಲ್ಲ, ನೀವು ತೋರಿಸಿದ ಮ್ಯಾಲೇ ಕೇಳ್ತೈತಿ — ಅವನು ಕಿಟಕಿಯ ಕಡೆ ಮುಖ ಮಾಡಿದ, ಹೊರಗೆ ಹಂಪಿಗೆ ಹೋಗುವ ಬಸ್ಸು ಗುರುಗುಟ್ಟಿತು, ಅದು ಅವನಿಗೆ ಕೇಳಿತು, ತಲೆ ಅತ್ತ ತಿರುಗಿತು, ಆಮೇಲೆ, ಇಲ್ಲಿ ಹಿಂದ ಬೇವಿನ ಗಿಡಕ್ಕ ಗುಬ್ಬಿ ಬರ್ತಿದ್ವಲ್ಲ ಚಂದ್ರೀ, ಈಗೀಗ ಬರವಲ್ವು ಅಂತ ತಿಳಕೊಂಡಿದ್ನಿ, ಬರ್ತಾವೇನು, ಬರ್ತಾವ್ರೀ, ದಿನಾ ಏನು, ದಿನಾ ರೀ, ಈಗ ಅದಾವೇನು, ಈಗೂ ಅದಾವ, ಭಾಳ ಅದಾವ — ಅವನು ತಲೆಯಾಡಿಸಿದ, ಇನ್ನೂ ಆಡಿಸಿದ, ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು, ನಾಳೆ ಕಿವಿ ಡಾಕ್ಟರ ಹತ್ರ ಹೋಗೂಣು ನಡ್ರಿ, ಹೋಗೂಣು, ಸಂಜಿ ಒಳಗ ಈಶ್ವರಗ ಹಾಡು ಸರಿಮಾಡಿ ಕೊಡಬೇಕಲ್ಲ, ಅದನ್ನ ಮುಗಿಸೂಣು ಮೊದಲು, ಅಡುಗೆಮನೆಗೆ ಹೋಗಿ ಅವಳು ಕೂತಿದ್ದ ಸ್ಟೂಲನ್ನು ತಾನೇ ಎತ್ತಿ ತಂದು ತನ್ನ ಕುರ್ಚಿಯ ಪಕ್ಕ ಇಟ್ಟ, ಕುಂದ್ರು, ಚೂಪಾದಲ್ಲಿ ಬೆರಳೆತ್ತು, ಬಾಯಿಲೆ ಹೇಳಬ್ಯಾಡ, ಹಾಡು ಕೆಡ್ತೈತಿ — ಉಚ್ಚೆಂಗಮ್ಮನ ಹೊಸ ಹಾಡು ಹಾಕಿದ, ಸಣ್ಣ, ಅವಳ ಬೆರಳು ಎದ್ದಿತು, ಸೊಸಿ, ಎದ್ದಿತು, ಸೆರಗ, ಎದ್ದಿತು, ಅವನು ಪರದೆ ನೋಡುತ್ತಿಲ್ಲ, ಬೆರಳನ್ನೇ ನೋಡುತ್ತಿದ್ದಾನೆ, ಗುಂಡಿಯನ್ನು ಒಂದೆಳ್ಳು ಇಳಿಸಿದ, ಮೊದಲಿಂದ, ಸಣ್ಣ, ಬೆರಳು ಅರ್ಧ ಎದ್ದಿತು, ತುಸು ಚವಳಿಕಾಯಿಯ ಹಸಿರು ಹತ್ತಿದ ಬೆರಳು, ಇನ್ನೊಂದೆಳ್ಳು, ಮೊದಲಿಂದ, ಉಚ್ಚೆಂಗಮ್ಮ ಉಸಿರು ತೆಗೆದುಕೊಂಡಳು, ಅದು ಕೇಳಿತು, ಸಣ್ಣ ಸೊಸಿ ಬಂದಾಳ, ಬೆರಳು ಮೇಜಿನ ಮೇಲೆ, ಸೆರಗ ಹಾಸಿರೇ, ಮೇಜಿನ ಮೇಲೆ, ಅವನು ಉಸಿರು ಹಿಡಿದು ನೋಡುತ್ತಿದ್ದಾನೆ, ಹಾಡು ಮುಂದೆ ಹೋಗುತ್ತಿದೆ, ಏಳದ ಬೆರಳು, ಅದನ್ನೇ ನೋಡುತ್ತಿರುವ ಅವನು, ಬೆರಳು ಮೇಜಿನ ಮೇಲೇ.