ಮಾರ್ಕ್ ಉಳಿದ ಕಾಯಿಲ್

ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ನೀರು ಕಾಯಿಸುವ ಕಾಯಿಲ್ ಮಾಡುವ ಆ ಸಣ್ಣ ಶೆಡ್ಡಿನಲ್ಲಿ ಮಂಗಳಮ್ಮನ ಮಾತೇ ಕೊನೆಯ ಮಾತು. ಮಾಲೀಕ ಶಿವಶಂಕರ್ ಬೈಯಬಹುದು, ಮೇಸ್ತ್ರಿ ಗೊಣಗಬಹುದು. ಆದರೆ ಪರೀಕ್ಷೆಯ ಮೇಜಿನ ಮೇಲೆ ಕಾಯಿಲಿಗೆ ಕರೆಂಟು ಕೊಟ್ಟು ಪಾಸು, ಫೇಲು ಎನ್ನುವ ಅಧಿಕಾರ ಹದಿನಾರು ವರ್ಷದಿಂದ ಅವಳದು. ದೇಶದಲ್ಲಿ ಎಲ್ಲೇ ಆಗಲಿ ಕಾಯಿಲ್ ಮಾರಬೇಕಾದರೆ ಅದರ ಮೇಲೆ ಐಎಸ್‌ಐ ಮಾರ್ಕ್ ಇರಲೇಬೇಕು ಎಂದು ಕಾನೂನು ಹೇಳುತ್ತದೆ. ಏಳನೇ ಕ್ಲಾಸು ಓದಿದ ಮಂಗಳಮ್ಮನಿಗೆ ಆ ಮಾರ್ಕಿನ ಹಿಂದೆ ಇರುವುದು ತನ್ನ ಕೈ ಎಂಬ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು. ಇರಲಿ, ಗಂಡ ಸತ್ತು ಮಕ್ಕಳಿಲ್ಲದ ಹೆಂಗಸಿಗೆ ಹೆಮ್ಮೆಪಡಲು ಬೇರೆ ಏನಿತ್ತು ಪಾಪ.

ಶೆಡ್ಡಿನಲ್ಲಿ ಒಂದು ಎಡವಟ್ಟು ಪದ್ಧತಿ ಇತ್ತು. ಎಲ್ಲ ಜೋಡಿಸಿದ ಮೇಲೆ ಪಂಚ್ ಯಂತ್ರದೊಳಗೆ ಕಾಯಿಲ್ ಹಿಡಿಸುವುದಿಲ್ಲವೆಂದು, ಹಿಡಿಕೆಯ ಕೆಳಗಿನ ತಗಡಿನ ಪಟ್ಟಿಗೆ ಪರೀಕ್ಷೆಗೆ ಮೊದಲೇ ಮಾರ್ಕನ್ನೂ ನಂಬರನ್ನೂ ಒತ್ತಿಬಿಡುತ್ತಿದ್ದರು. ಪರೀಕ್ಷೆ ಬರೆಯುವ ಮೊದಲೇ ಪಾಸಾದ ಚೀಟಿ ಕೈಗೆ ಕೊಟ್ಟ ಹಾಗೆ. ಫೇಲಾದರೆ ಆ ಮಾರ್ಕನ್ನು ಗ್ರೈಂಡರಿಗೆ ಹಿಡಿದು ಉಜ್ಜಿ ತೆಗೆಯಬೇಕು. ಮಾರ್ಕ್ ಇರುವ ಫೇಲು ಮಾಲು ಗೇಟು ದಾಟಿದರೆ ಲೈಸೆನ್ಸಿಗೇ ಕುತ್ತು.

ಫೇಲಿನಲ್ಲೂ ಎರಡು ಬಗೆ. ಪಾಲಿಶ್ ಮೇಲೆ ಗೀರು ಬಿದ್ದದ್ದು ಒಂದು. ಅದು ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ, ಕೆಲಸಕ್ಕೆ ಮೋಸವಿಲ್ಲ. ಇನ್ನೊಂದು, ಕಾಯಿಲಿನ ಹೊರಮೈಗೆ ಕರೆಂಟು ಸೋರಿ ಮುಟ್ಟಿದವರಿಗೆ ಹೊಡೆಯುವಂಥದ್ದು. ಸೋರುವ ಕಾಯಿಲಿನ ಹಿಡಿಕೆಗೆ ಮಂಗಳಮ್ಮ ಕೆಂಪು ಸೀಮೆಸುಣ್ಣದಲ್ಲಿ ಒಂದು ಬೊಟ್ಟು ಇಡುತ್ತಿದ್ದಳು. ಗೀರಿನದಕ್ಕೆ ಏನೂ ಇಲ್ಲ. ಎರಡೂ ಒಂದೇ ಟ್ರೇಯಲ್ಲಿ ಬಿದ್ದಿರುತ್ತಿದ್ದವು. ದಸರಾ ಮುಗಿದು ಶೆಡ್ಡು ತೆರೆದ ದಿನ ಗೀರಿನ ಕಾಯಿಲುಗಳ ಮಾರ್ಕ್ ಉಜ್ಜಿ ಕೆಲಸದವರಿಗೆಲ್ಲ ಒಂದೊಂದು ಕೊಡುವುದು ಶಿವಶಂಕರ್ ಅವರ ತಂದೆಯ ಕಾಲದಿಂದ ಬಂದ ವಾಡಿಕೆ.

ಆ ವರ್ಷದ ಆಯುಧಪೂಜೆಯಲ್ಲಿ ಕೆಲಸದವರ ಭಕ್ತಿ ಉಕ್ಕಿ ಹರಿಯಿತು. ಪಂಚು, ಗ್ರೈಂಡರು, ಮೇಜು, ಕೊನೆಗೆ ಫೇಲಿನ ಟ್ರೇಯಲ್ಲಿದ್ದ ಕಾಯಿಲುಗಳ ಹಿಡಿಕೆಗೂ ಕುಂಕುಮದ ಬೊಟ್ಟು ಬಿತ್ತು. ವಿಜಯದಶಮಿ ಕಳೆದು ಶೆಡ್ಡು ತೆರೆದಾಗ ಮಂಗಳಮ್ಮ ಒದ್ದೆ ಬಟ್ಟೆ ಹಿಡಿದು ಎಲ್ಲವನ್ನೂ ಒರೆಸಿದಳು. ಕುಂಕುಮದ ಜೊತೆ ಸೀಮೆಸುಣ್ಣವೂ ಹೋಯಿತು. ಸೋರುವುದನ್ನೆಲ್ಲ ಹಬ್ಬಕ್ಕೆ ಮುಂಚೆಯೇ ಗುಜರಿಗೆ ಹಾಕಿಯಾಗಿದೆ ಎಂಬುದು ಅವಳ ಲೆಕ್ಕ. ಹಾಕಿದ್ದು ನಿಜ. ಆದರೆ ಪೂಜೆಯ ಹಿಂದಿನ ಸಂಜೆ, ಮನೆಗೆ ಹೊರಡುವ ಗಡಿಬಿಡಿಯಲ್ಲಿ, ಅವಳೇ ಇನ್ನೂ ಒಂದಕ್ಕೆ ಬೊಟ್ಟು ಇಟ್ಟು ಟ್ರೇಗೆ ಹಾಕಿದ್ದಳು. ಅದು ಮರೆತೇ ಹೋಗಿತ್ತು.

ಅವಳ ತಂಗಿ ಭಾಗ್ಯಮ್ಮ ಮಂಡಕಳ್ಳಿಯವಳು. ಭಾಗ್ಯಮ್ಮನ ಒಬ್ಬಳೇ ಮಗಳು ಗಗನ ಬೋಗಾದಿಯಲ್ಲಿ ಕಾಳಯ್ಯ ಎಂಬಾತನ ಮನೆಯ ಮಹಡಿಯಲ್ಲಿ ಒಂದು ರೂಮು ಹಿಡಿದು ನರ್ಸಿಂಗ್ ಓದುತ್ತಿದ್ದಳು. ಚಳಿ ಶುರುವಾಗುವ ಮೊದಲೇ ದೊಡ್ಡಮ್ಮನಿಗೆ ಫೋನು ಮಾಡಿದ್ದಳು.

"ದೊಡ್ಡಮ್ಮ, ನಂಗೊಂದು ಕಾಯಿಲ್ ಕೊಡಿಸಿ. ಆದ್ರೆ ಮಾರ್ಕ್ ಇರೋದೇ ಬೇಕು. ಇಲ್ದಿದ್ರೆ ಓನರ್ ಹಾಕಕ್ಕೆ ಬುಡಲ್ಲ."

ಹೀಗಾಗಿ ಹದಿನಾರು ವರ್ಷದಲ್ಲಿ ಮೊದಲ ಸಲ ಮಂಗಳಮ್ಮ ಒಂದು ಕಾಯಿಲನ್ನು ಗ್ರೈಂಡರಿಗೆ ಹಿಡಿಯಲಿಲ್ಲ. ಬರೀ ಗೀರಿನದು, ಮಾರ್ಕ್ ಉಳಿದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡು ಊಟದ ಚೀಲಕ್ಕೆ ಹಾಕಿಕೊಂಡಳು. ರಿಜಿಸ್ಟರಿನಲ್ಲಿ ಟ್ರೇಯಲ್ಲಿದ್ದ ಅಷ್ಟೂ ನಂಬರುಗಳ ಮುಂದೆ 'ಮಾರ್ಕ್ ಉಜ್ಜಿದೆ' ಎಂದು ಹಿಂದೆ ಬರೆದದ್ದನ್ನು ಓದದೆಯೇ ಸಾಲಾಗಿ ಬರೆದು ಸಹಿ ಹಾಕಿದಳು. ಮತ್ತೊಮ್ಮೆ ಮೇಜಿಗೆ ಹಾಕಿ ನೋಡಬಹುದಿತ್ತು. ಅರ್ಧ ನಿಮಿಷದ ಕೆಲಸ. ಕದ್ದು ಒಯ್ಯುವವರು ಪರೀಕ್ಷೆ ಮಾಡುತ್ತ ಕೂರುತ್ತಾರೆಯೇ?

ನವೆಂಬರಿನ ಒಂದು ಬೆಳಿಗ್ಗೆ ಗಗನ ಸ್ನಾನದ ನೀರು ಬಿಸಿಯಾಯಿತೇ ಎಂದು ದೊಡ್ಡಮ್ಮ ಕೊಟ್ಟ ಕಾಯಿಲ್ ಹಾಕಿದ್ದ ಬಕೆಟ್ಟಿಗೆ ಕೈಯಿಟ್ಟಳು. ಬಾಗಿಲು ಒಡೆದು ತೆಗೆಯುವ ಹೊತ್ತಿಗೆ ಜೀವ ಹೋಗಿತ್ತು. ಹತ್ತೊಂಬತ್ತು ವರ್ಷದ ಹುಡುಗಿ.

ಪೊಲೀಸರು ಬಂದು ನೋಡಿದರು. ಬಚ್ಚಲಿನ ಪ್ಲಗ್ಗಿನ ಹಿಂದೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ತಂತಿ ಕಳಚಿಕೊಂಡಿತ್ತು. ಕಾಳಯ್ಯನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು. ಕಾಯಿಲಿನ ಮೇಲಿದ್ದ ನಂಬರು ಹಿಡಿದು ಮಾರ್ಕಿನ ತಪಾಸಣೆ ಮಾಡುವ ಅಧಿಕಾರಿ ಸುದರ್ಶನ ಅವರು ಶಿವಶಂಕರ್‌ಗೆ ಫೋನು ಮಾಡಿದ್ದು ಮೂರನೆಯ ದಿನ.

ಶಿವಶಂಕರ್ ರಿಜಿಸ್ಟರು ತಂದು ಮಂಗಳಮ್ಮನ ಮುಂದೆ ಬಿಚ್ಚಿದರು. ಆ ನಂಬರಿನ ಮುಂದೆ ಅವಳದೇ ಅಕ್ಷರ: ಫೇಲು, ಸೋರಿಕೆ. ಅದರ ಪಕ್ಕದಲ್ಲೇ, ಮಾರ್ಕ್ ಉಜ್ಜಿದೆ. ಪೂಜೆಯ ಹಿಂದಿನ ಸಂಜೆಯ ತಾರೀಕು ಕಣ್ಣಿಗೆ ಬಿದ್ದದ್ದೇ ಗಡಿಬಿಡಿಯಲ್ಲಿ ಬೊಟ್ಟು ಇಟ್ಟದ್ದು ಅವಳಿಗೆ ನೆನಪಾಯಿತು. ಅಲ್ಲಿಯವರೆಗೂ ಅವಳು ತಂಗಿಯ ಜೊತೆ ಕೂತು ಕಾಳಯ್ಯನಿಗೆ ಹಿಡಿಶಾಪ ಹಾಕಿದ್ದಳು. ಹಾಳು ಮನೆಯ ಹಾಳು ವೈರಿಂಗು ಎಂದೇ ಅತ್ತಿದ್ದಳು.

"ಅದು ಗೇಟು ಹೆಂಗೆ ದಾಟ್ತು ಅಂತ ನಾನು ಕೇಳಲ್ಲ," ಎಂದರು ಶಿವಶಂಕರ್. "ಉಜ್ಜಿದೀವಿ ಅಂತ ನೀವೇ ಬರೆದಿದೀರ. ಹಂಗಾದ್ರೆ ಅಲ್ಲಿರೋದು ಡೂಪ್ಲಿಕೇಟು. ಯಾರೋ ನಮ್ಮ ನಂಬರ್ ಒತ್ತಿ ಮಾರವ್ರೆ. ಅಷ್ಟು ಹೇಳಿ ಸಾಕು. ಇಪ್ಪತ್ತೆರಡು ಜನದ ಅನ್ನ ಇದೆ ಇಲ್ಲಿ ಮಂಗಳಮ್ಮ."

"ಆ ಕಾಳಯ್ಯನ ಗತಿ ಏನು ಸಾರ್?"

"ಅವ್ರ ಮನೆ ಅರ್ತಿಂಗ್ ಸರಿ ಇದ್ದಿದ್ರೆ ಮಗು ಉಳೀತಿತ್ತು. ಅದು ಸುಳ್ಳಾ?"

ಸುಳ್ಳಲ್ಲ. ಆ ಮಾತು ಅವಳಿಗೆ ಹಿಡಿಯಲು ಸಿಕ್ಕ ಕೊಂಬೆಯಂತಿತ್ತು. ಇಡೀ ದಿನ ಅದಕ್ಕೇ ಜೋತು ಬಿದ್ದಳು. ಅರ್ತಿಂಗ್ ಇದ್ದಿದ್ದರೆ, ಅರ್ತಿಂಗ್ ಇದ್ದಿದ್ದರೆ. ಆದರೆ ಪ್ರತಿ ಸಲವೂ ಅದರ ಹಿಂದೆಯೇ ತನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ನೆನಪಾಗುತ್ತಿತ್ತು.

ಮಾರನೆಯ ದಿನ ಬೋಗಾದಿಯ ಮನೆಯಲ್ಲಿ ಸ್ಥಳ ತನಿಖೆ. ಶಿವಶಂಕರ್, ಮಂಗಳಮ್ಮ ಇಬ್ಬರನ್ನೂ ಕರೆಸಿದ್ದರು. ಸುದರ್ಶನ ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಾಯಿಲ್. ಪಕ್ಕದಲ್ಲಿ ಒಬ್ಬ ಪೊಲೀಸು. ಮಹಡಿ ಮೆಟ್ಟಿಲ ಮೇಲೆ ಭಾಗ್ಯಮ್ಮ ಮಗಳ ಬಟ್ಟೆಬರೆ ತುಂಬಿದ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎರಡು ದಿನ ಠಾಣೆಯಲ್ಲಿ ಕೂತು ಬಂದ ಕಾಳಯ್ಯ ಗೋಡೆಗೆ ಒರಗಿ ನಿಂತಿದ್ದ. ಅವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು.

"ನನ್ ಮಗೀನ ತಿಂದ್ಕಂಡ್ಬುಟ್ಟೆಯಲ್ಲಪ್ಪ," ಎಂದಳು ಭಾಗ್ಯಮ್ಮ ಅವನತ್ತ ನೋಡಿ.

"ಮಾರ್ಕ್ ಇದ್ರೆ ಮಾತ್ರ ಹಾಕಮ್ಮ ಅಂತ ನಾನೇ ಹೇಳಿದ್ದೆ ಕಣವ್ವ. ತಂದು ತೋರಿಸ್ತು. ಇತ್ತು. ಅದ್ಕೇ ಸುಮ್ಮನಾದೆ," ಎಂದ ಕಾಳಯ್ಯ. ಅವನು ನಾಲ್ಕು ದಿನದಿಂದ ಇದನ್ನೇ ಎಲ್ಲರಿಗೂ ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಸುದರ್ಶನ ಅವರು ಮಂಗಳಮ್ಮನ ಕಡೆ ತಿರುಗಿದರು. "ನಿಮ್ಮ ರಿಜಿಸ್ಟರ್ ಪ್ರಕಾರ ಈ ಮಾರ್ಕ್ ಇರಬಾರದು ಅಮ್ಮ. ಇಲ್ಲಿ ಇದೆ. ಡೂಪ್ಲಿಕೇಟ್ ಅಂತಾರೆ ನಿಮ್ಮ ಮಾಲೀಕರು. ನೀವೇನಂತೀರಿ?"

ಶಿವಶಂಕರ್ ನೆಲ ನೋಡುತ್ತ ನಿಂತಿದ್ದರು. ಹೂಂ ಎಂದರೆ ಮುಗಿಯುತ್ತಿತ್ತು. ಶೆಡ್ಡು ಉಳಿಯುತ್ತಿತ್ತು, ತಂಗಿ ತನ್ನವಳಾಗಿ ಉಳಿಯುತ್ತಿದ್ದಳು. ಮಂಗಳಮ್ಮ ಬಾಯಿ ತೆರೆದದ್ದೂ ಹೂಂ ಎನ್ನುವುದಕ್ಕೇ. ಅಷ್ಟರಲ್ಲಿ ಕಾಳಯ್ಯ ಹೊಡೆತ ತಿಂದವನಂತೆ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದು ಕೂತ. ಬೇರೆಯವರ ತಪ್ಪಿನ ಭಾರವನ್ನೂ ಹೊತ್ತ ಮುಖವನ್ನು ಅಷ್ಟು ಹತ್ತಿರದಿಂದ ನೋಡಿಕೊಂಡು ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

"ನಮ್ದೇ ಸಾರ್," ಎಂದಳು. "ನಾನೇ ತಂದ್ಕೊಟ್ಟಿದ್ದು. ಕರೆಂಟ್ ಸೋರ್ತಿತ್ತು. ಗುರ್ತು ಹಾಕಿದ್ದೋಳೂ ನಾನೇ, ಪೂಜೆ ಕುಂಕುಮ ಅಂತ ಅದನ್ನ ಒರೆಸಿದ್ದೋಳೂ ನಾನೇ. ಮಾರ್ಕ್ ಉಜ್ಜದೆ ಉಜ್ಜಿದೀನಿ ಅಂತ ಬರೆದೆ."

ಶಿವಶಂಕರ್ ಕಣ್ಣು ಮುಚ್ಚಿಕೊಂಡರು. ಸುದರ್ಶನ ಅವರು ಬರೆದುಕೊಳ್ಳತೊಡಗಿದರು. ಲೈಸೆನ್ಸಿನ ಗತಿ ಆ ಹಾಳೆಯ ಮೇಲೇ ತೀರ್ಮಾನವಾಗುತ್ತಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತಿತ್ತು.

ಭಾಗ್ಯಮ್ಮ ಅಕ್ಕನ ಕಡೆ ತಿರುಗಿದಳು.

"ನೀನು ಕೊಟ್ಟಿದ್ದು ಅಂತ ನಂಗೆ ಗೊತ್ತಿತ್ತು ಕಣಕ್ಕ. ಪೊಲೀಸ್ನೋರು ಕೇಳಿದ್ರು, ನಿನ್ನ ಕೆಲ್ಸಕ್ಕೆ ಕಲ್ಲು ಬೀಳ್ತದೆ ಅಂತ ಹೇಳ್ನಿಲ್ಲ. ತಂದ ದಿನ ಫೋನ್ ಮಾಡಿದ್ದೋಳು, ಹುಷಾರು ಕಣೆ ಅಂದ್ರೆ, ದೊಡ್ಡಮ್ಮನೇ ನೋಡಿ ಕೊಟ್ಟವ್ರೆ, ಇನ್ನೇನು ಭಯ ಅಂದ್ಲು." ಅವಳು ಮಡಿಲಿನ ಬ್ಯಾಗನ್ನು ಪಕ್ಕಕ್ಕಿಟ್ಟಳು. "ನೋಡಿದ್ಯಾ ಅಕ್ಕ? ಕೊಡೋಕೆ ಮುಂಚೆ ಒಂದ್ಸಲನಾದ್ರೂ ನೋಡಿದ್ಯಾ?"

"ಇಲ್ಲ," ಎಂದಳು ಮಂಗಳಮ್ಮ.

ಭಾಗ್ಯಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. ಗೋಡೆಯ ಬುಡದಲ್ಲಿ ಕೂತಿದ್ದ ಕಾಳಯ್ಯನಿಗೆ ಬಗ್ಗಿ ಕೈಮುಗಿದಳು. ಆಮೇಲೆ ಬಸ್‌ಸ್ಟಾಪ್ ಯಾವ ಕಡೆ ಎಂದು ಪೊಲೀಸನನ್ನು ಕೇಳಿದಳು. ಆ ದಾರಿ ಮಂಗಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಅವಳನ್ನು ಭಾಗ್ಯಮ್ಮ ಕೇಳಲಿಲ್ಲ.