ಮುರಿಯದ ಮೊನೆ

ಶ್ರೀನಿಯ ಮನೆಯಲ್ಲಿ ಊಟಕ್ಕೆ ಕರೆದಾಗಲೆಲ್ಲ ಖುರ್ಷೀದ್‌ಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶ್ರೀನಿಯ ಹೆಂಡತಿ ರೇಣುವಿನ ಬಿಸಿಬೇಳೆಬಾತ್ ಹಿಲ್ಸ್‌ಬರೋ ಊರಿಗೆಲ್ಲ ಪ್ರಸಿದ್ಧ, ಅದರದೇನೂ ತಪ್ಪಿಲ್ಲ. ತಪ್ಪೆಲ್ಲ ಊಟದ ಮೇಜಿನ ಎದುರು ಗೋಡೆಯದು. ಅಲ್ಲಿ ಗಾಜಿನ ಚೌಕಟ್ಟಿನೊಳಗೆ, ತಲೆಯ ಮೇಲೊಂದು ಪುಟ್ಟ ದೀಪ ಹಾಕಿಸಿಕೊಂಡು, ಕಲ್ಲಿನ ಬಾಣದ ಮೊನೆಯೊಂದು ಮದುಮಗನ ಹಾಗೆ ಕೂತಿತ್ತು. ತುದಿ ಮುರಿದಿಲ್ಲ, ಬುಡ ಒಡೆದಿಲ್ಲ. ಊರ ಪಕ್ಕದ ಹೊಳೆದಂಡೆಯಲ್ಲಿ, ಬಿಳಿಯರು ಬರುವ ಮೊದಲು ಬಾಳಿದ ಲೆನಾಪೆ ಎಂಬ ಮೂಲನಿವಾಸಿ ಜನರ ಹಿರಿಯರು ಯಾವ ಕಾಲದಲ್ಲೋ ಜಿಂಕೆ ಬೇಟೆಗೆಂದು ಕೆತ್ತಿದ್ದು. ಬಂದವರೆಲ್ಲ ಅದರ ಮುಂದೆ ನಿಂತು, "ವಾವ್ ಶ್ರೀನಿ, ನೀವೇ ಹುಡುಕಿದ್ದಾ?" ಎನ್ನುವುದು. ಶ್ರೀನಿ, "ಹೇ, ಏನೋ ಲಕ್ ಅಷ್ಟೇ" ಎಂದು ನಾಚುವುದು. ಆ ನಾಚಿಕೆಯನ್ನು ಕಂಡರೆ ಖುರ್ಷೀದ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಈ ಹವ್ಯಾಸ ಅವನದು. ರಾರಿಟನ್ ನದಿಯ ಕವಲಿನ ಪಕ್ಕದಲ್ಲಿ ಜೋಳ ಬೆಳೆಯುವ ಮುದುಕನನ್ನು ಮಾತಾಡಿಸಿ, ಅವನ ಜಮೀನಿನ ದಂಡೆಯಲ್ಲಿ ಓಡಾಡಲು ಒಪ್ಪಿಗೆ ಪಡೆದವನು ಅವನು. ಪ್ರವಾಹ ಇಳಿದ ಮೇಲೆ ಹೊಸ ಜಲ್ಲಿ ಮೇಲೆ ಬರುತ್ತದೆ, ಆಗಲೇ ಹುಡುಕಬೇಕು, ಸೂರ್ಯ ಎದುರಿಗಿದ್ದರೆ ಕೆತ್ತಿದ ಕಲ್ಲು ಮಿನುಗುತ್ತದೆ ಎಂದೆಲ್ಲ ಬಿಸಿಲು ಮಳೆ ಎನ್ನದೆ ಅಲೆದು ಕಲಿತವನೂ ಅವನೇ. ದಂಡೆ ಜಾರುತ್ತದೆ, ಒಬ್ಬರೇ ಹೋಗಬೇಡಿ ಎಂದು ಹೆಂಡತಿ ಉಮ್ಮೆ ಕುಲ್ಸುಮ್ ಹಟ ಹಿಡಿದದ್ದಕ್ಕೆ ಶ್ರೀನಿಯನ್ನು ಜೊತೆಗೆ ಕರೆದುಕೊಂಡು ಹೋದ. ಮೊದಲನೆಯ ದಿನವೇ ಶ್ರೀನಿ ಶೂ ಲೇಸ್ ಕಟ್ಟಲು ಬಗ್ಗಿದ, ಏಳುವಾಗ ಕೈಯಲ್ಲಿ ಅದಿತ್ತು. ಗುರುವಿಗೇ ತಿರುಮಂತ್ರ! ಖುರ್ಷೀದ್‌ನ ಬಳಿ ಇದ್ದದ್ದೆಲ್ಲ ಒಂದು ಡಬ್ಬಿ ತುಂಬ ಕುಂಟರು ಕುರುಡರು: ತುದಿಯಿದ್ದರೆ ಬುಡವಿಲ್ಲ, ಬುಡವಿದ್ದರೆ ತುದಿಯಿಲ್ಲ. ಮಗಳು ಸನೋಬರ್ ಅದರೊಳಗೆ ಒಮ್ಮೆ ಇಣುಕಿ, "ಡ್ಯಾಡ್, ದೀಸ್ ಆರ್ ಜಸ್ಟ್ ರಾಕ್ಸ್" ಎಂದಿದ್ದಳು.

ಅವನಿಗೆ ಬೇಕಾದದ್ದು ಒಂದೇ. ಒಂದು ಇಡೀ ಮೊನೆ, ಅದೂ ಶ್ರೀನಿಯ ಕಣ್ಣೆದುರಿಗೇ ಸಿಗಬೇಕು.

ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಹೋದರೆ ಭಾನುವಾರ, ಇಬ್ಬರೂ ಕೂಡಿಯೇ. ಯಾರ ಕಣ್ಣಿಗೆ ಮೊದಲು ಬಿತ್ತೋ ಅವರದ್ದು. ಮಾರ್ಚ್‌ನಲ್ಲಿ ಹಿಮ ಕರಗಿ ಹೊಳೆ ಉಕ್ಕಿತು. ಗುರುವಾರದ ಹೊತ್ತಿಗೆ ನೀರು ಇಳಿದಾಗ ಶ್ರೀನಿ ಫೋನ್ ಮಾಡಿ, "ಖುರ್ಷೀದ್ ಭಾಯ್, ಸಂಡೇ ಬೆಳಿಗ್ಗೆ ಸಿಗೋಣ್ವಾ? ಒಳ್ಳೆ ಜಲ್ಲಿ ಬಿದ್ದಿರುತ್ತೆ" ಎಂದ. ಖುರ್ಷೀದ್ ಆಗಲಿ ಎಂದ. ಆದರೆ ಶನಿವಾರ ಬೆಳಿಗ್ಗೆ ಎದ್ದವನೇ, ಎಡಿಸನ್‌ಗೆ ಹೋಗಿ ಮಟನ್ ತರುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ ಕಾರನ್ನು ನೇರ ಹೊಳೆಗೆ ಓಡಿಸಿದ.

ಸಿಕ್ಕಿತು! ನೀರಿನ ಅಂಚಿನಲ್ಲಿ ಒರಗಿದ್ದ ದೊಡ್ಡ ಮರದ ಬೇರಿನ ಪಕ್ಕದಲ್ಲಿ, ಜೇನಿನ ಬಣ್ಣದ ಜಾಸ್ಪರ್ ಕಲ್ಲಿನದು, ಎಲ್ಲೂ ಒಂದು ಚೂರೂ ಮುಕ್ಕಾಗದ್ದು. ಶ್ರೀನಿಯದಕ್ಕಿಂತ ಅರ್ಧ ಬೆರಳು ಉದ್ದ. ಖುರ್ಷೀದ್ ಅಲ್ಲೇ ಕೆಸರಲ್ಲಿ ಕುಕ್ಕರಿಸಿ ಅಲ್ಹಮ್ದುಲಿಲ್ಲಾಹ್ ಎಂದ, ಕಣ್ಣು ಒದ್ದೆಯಾಯಿತು. ಕಾರಿನ ಹತ್ತಿರ ಬಂದ ಮೇಲೆ ಯೋಚನೆ ಹತ್ತಿತು. ಇದನ್ನು ಯಾರಿಗೆ ತೋರಿಸುವುದು? ಯಾವಾಗ ಸಿಕ್ಕಿತು ಎಂದು ಶ್ರೀನಿ ಕೇಳದೆ ಇರುತ್ತಾನೆಯೇ? ಮಾತು ಮುರಿದು ಕದ್ದು ಬಂದೆ ಎಂದು ಯಾವ ಬಾಯಲ್ಲಿ ಹೇಳುವುದು? ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು.

ಸಂಜೆಯೊಳಗೆ ಉಪಾಯವೂ ಹೊಳೆಯಿತು. ಹೊಟ್ಟೆಕಿಚ್ಚಿಗೆ ಬುದ್ಧಿ ಚುರುಕು. ಭಾನುವಾರ ಸ್ವಲ್ಪ ಮುಂಚೆ ಹೋಗಿ ಅದನ್ನು ಇದ್ದಲ್ಲೇ ಇಡುವುದು, ಆಮೇಲೆ ಶ್ರೀನಿಯ ಎದುರು "ಕಂಡುಹಿಡಿಯುವುದು". ನೀರಿನ ಅಂಚಿನಲ್ಲಿ ನಡೆಯುವವನು ಯಾವಾಗಲೂ ತಾನೇ, ಶ್ರೀನಿ ಮೇಲಿನ ದಂಡೆ. ಹೆದರಿಕೆಯೇ ಇಲ್ಲ. ಸಮಾಧಾನವಾಗಿ ಕಲ್ಲನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದ. ಮೈಸೂರಿನಲ್ಲಿ ಅವನ ಅಬ್ಬಾ ಬೀಟೆ ಮರದ ಮೇಲೆ ಚಿತ್ರ ಕೂರಿಸುವ ಕೆಲಸದವರು. ಮುಗಿದ ಕೆಲಸವನ್ನು ಎಣ್ಣೆ ಸವರದೆ ಯಾರಿಗೂ ತೋರಿಸಿದವರಲ್ಲ. ಮಗನ ಕೈ ಸುಮ್ಮನಿದ್ದೀತೇ? ಹೆಂಡತಿ ತಲೆಗೆ ಹಚ್ಚಲು ಬೆಚ್ಚಗೆ ಮಾಡಿಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ಎರಡು ಬೊಟ್ಟು ತೆಗೆದು ಸವರಿದ. ಕಲ್ಲು ಜೇನಿನಂತೆ ಹೊಳೆಯಿತು.

ಭಾನುವಾರ ಚಳಿ ಕೊರೆಯುತ್ತಿತ್ತು. ಕತ್ತಲಿನ್ನೂ ಪೂರ್ತಿ ಹರಿದಿರಲಿಲ್ಲ. ಅವನು ಹೋಗಿ ಬೇರಿನ ಪಕ್ಕದಲ್ಲಿ ಕಲ್ಲಿಟ್ಟು, ಬಂದು ಕಾರಿನಲ್ಲಿ ಏನೂ ಅರಿಯದವನ ಹಾಗೆ ಕೂತ. ಶ್ರೀನಿ ಹೊಸ ರಬ್ಬರ್ ಬೂಟು ಹಾಕಿಕೊಂಡು ಇಳಿದ.

"ಇವತ್ತು ನೀರಿನ ಕಡೆ ನಾನ್ ಬರ್ತೀನಿ ಭಾಯ್. ವಾಟರ್‌ಪ್ರೂಫ್ ತಗೊಂಡಿದೀನಿ, ಟೆಸ್ಟ್ ಮಾಡ್ಬೇಕು."

"ಬೇಡ ಬೇಡ, ಜಾರುತ್ತೆ ಅಲ್ಲಿ. ನೀವು ಮೇಲೇ ನಡೀರಿ," ಎಂದ ಖುರ್ಷೀದ್.

"ಅಯ್ಯೋ, ಯಾವಾಗ್ಲೂ ನೀವೊಬ್ರೇ ಒದ್ದೆಯಾಗೋದಾ? ನೀವು ಆರಾಮಾಗಿ ಮೇಲೆ ಬನ್ನಿ," ಎಂದು ಶ್ರೀನಿ ದಾಪುಗಾಲು ಹಾಕಿ ಇಳಿದೇಬಿಟ್ಟ.

ಖುರ್ಷೀದ್ ಮೇಲಿನ ದಂಡೆಯಿಂದ ಅವಸರ ಅವಸರವಾಗಿ ಹೆಜ್ಜೆ ಹಾಕಿದ. ಮುಳ್ಳುಪೊದೆ ಅಡ್ಡ ಬಂತು, ಸುತ್ತಿ ಬರಬೇಕಾಯಿತು. ಬರುವಷ್ಟರಲ್ಲಿ ಶ್ರೀನಿ ಬೇರಿನ ಬಳಿ ಬಗ್ಗಿ ಆಗಿತ್ತು.

"ಭಾಯ್! ಓ ಮೈ ಗಾಡ್, ಭಾಯ್! ಇಡೀದು!"

ಖುರ್ಷೀದ್‌ಗೆ ನನ್ನದು ಎಂದು ಕೂಗಬೇಕೆನಿಸಿತು, ಆಗಲಿಲ್ಲ. ಇದಕ್ಕೂ ಒಂದು ಚೌಕಟ್ಟು, ಇದಕ್ಕೂ ಒಂದು ದೀಪ. ಕೆಳಗಿಳಿದು ಹತ್ತಿರ ಹೋಗುವಷ್ಟರಲ್ಲಿ ಅವನಿಗೆ ಅಳುವೇ ಬಂದಿತ್ತು.

ಆದರೆ ಶ್ರೀನಿಯ ಕೂಗು ನಿಂತುಹೋಗಿತ್ತು. ಅವನು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಕೆತ್ತಿದ ಗೆರೆಗಳಲ್ಲೆಲ್ಲ ಏನೋ ಬೆಳ್ಳಗೆ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದ, ಬೆರಳಲ್ಲಿ ಉಜ್ಜಿದ. ಅದು ಕರಗಿತು. ಮೂಗಿಗೆ ಹಿಡಿದ.

"ಕೊಬ್ಬರಿ ಎಣ್ಣೆ," ಎಂದ. ನಿಧಾನವಾಗಿ ತಲೆಯೆತ್ತಿದ. "ನೀವು ಬಂದಿದ್ರಾ ಭಾಯ್?"

ಸುಳ್ಳು ಹೇಳಲು ಖುರ್ಷೀದ್‌ಗೆ ನಾಲಿಗೆ ಹೊರಳಲಿಲ್ಲ. "ನಿನ್ನೆ ಬಂದಿದ್ದೆ. ಇಲ್ಲೇ ಸಿಕ್ತು. ನಿಮ್ಮೆದುರಿಗೆ ಎತ್ತೋಣ ಅಂತ ತಿರುಗಿ ಇಟ್ಟೆ," ಎಂದು ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

ಬೈಗುಳ ಬರಲಿಲ್ಲ. "ಇಲ್ಲೇನಾ? ಇದೇ ಜಾಗಾನಾ?" ಎಂದು ಶ್ರೀನಿ ಎರಡೆರಡು ಸಲ ಕೇಳಿದ.

"ಇದೇ ಜಾಗ."

"ಶುಕ್ರವಾರ ಆಫೀಸಿಂದ ಸೀದಾ ಇಲ್ಲಿಗೇ ಬಂದಿದ್ದೆ ನಾನು," ಎಂದ ಶ್ರೀನಿ. ಅವನ ದನಿ ಇಳಿದುಹೋಗಿತ್ತು. "ಈ ಬೇರಿನ ಮೇಲೇ ಕೂತು ಟೀ ಕುಡಿದೆ. ಕಾಲ ಕೆಳಗೇ ಇತ್ತಲ್ಲ ಭಾಯ್, ನಂಗೆ ಕಾಣಲಿಲ್ಲ."

ಇವನೂ ಕಳ್ಳನೇ ಎಂದು ಖುರ್ಷೀದ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಶ್ರೀನಿಯ ಮುಖವನ್ನೇ ನೋಡುತ್ತಿದ್ದ. ಬಿಗಿದ ತುಟಿ, ಕಲ್ಲನ್ನು ಬಿಟ್ಟು ಕದಲದ ಕಣ್ಣು, ಎಂಜಲು ನುಂಗುವ ಗಂಟಲು. ಆ ಸಂಕಟದ ಒಂದೊಂದು ಗೆರೆಯೂ ಅವನಿಗೆ ಗೊತ್ತು. ಇಷ್ಟು ವರ್ಷ ತಾನೊಬ್ಬನೇ ಹೊತ್ತು ತಿರುಗಿದ್ದು ಈಗ ಇನ್ನೊಬ್ಬನ ಮುಖದ ಮೇಲೆ ಕೂತಿತ್ತು. ಕಲ್ಲು ಸಿಕ್ಕಾಗಲೂ ಆಗದಿದ್ದ ಖುಷಿ ಎದೆಯಲ್ಲಿ ಹರಡಿತು. ಒಳ್ಳೆಯ ಖುಷಿಯಲ್ಲ ಎಂಬುದೂ ತಿಳಿಯಿತು, ಆದರೂ ಹಿತವಾಗಿತ್ತು.

ಅವನು ಕೈ ಚಾಚಿದ. ಶ್ರೀನಿ ಮುಷ್ಟಿ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ. ಖುರ್ಷೀದ್‌ಗೆ ಯಾವ ಅವಸರವೂ ಇರಲಿಲ್ಲ.